ಐದರ ಅಂಕಿಗೆ ಕುಂಕುಮ

ಮೊದಲು ನಮಸ್ಕಾರಗಳು. ಯಾರೂ ಕರೆಯದಿದ್ದರೂ ದಿನವೂ ಬೆಳಗ್ಗೆ ಬಂದು ಲೋಕಕ್ಕೆಲ್ಲ ಬಣ್ಣ ಹಚ್ಚಿ, ಸಂಜೆ ಒಂದು ಚುಕ್ಕೆಯೂ ಉಳಿಯದಂತೆ ಒರೆಸಿಕೊಂಡು ಹೋಗುವ ಸೂರ್ಯನಾರಾಯಣನಿಗೆ ನಮಸ್ಕಾರ. ಆ ಬಣ್ಣಗಳನ್ನು ಕಾಣುವುದಕ್ಕೆ ಎರಡು ಕಣ್ಣು ಕೊಟ್ಟ ಭಗವಂತನಿಗೆ ನಮಸ್ಕಾರ. ಕಂಡ ಬಣ್ಣದ ಹೆಸರು ಹೇಳುವ ಸಾಮರ್ಥ್ಯವನ್ನು ನನಗೆ ಕೊಡಲು ಮರೆತು, ನನ್ನ ಪಾಲನ್ನೂ ಸೇರಿಸಿ ನನ್ನ ಮನೆಯಾಕೆಗೇ ಕೊಟ್ಟುಬಿಟ್ಟದ್ದರ ಬಗ್ಗೆ ನನಗೇನೂ ತಕರಾರಿಲ್ಲ. ಬಾಲ್ಯದಲ್ಲಿ ಮೈಸೂರಿನ ಪಾಠಶಾಲೆಯ ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡು, "ಅರ್ಥವಾಗದಿದ್ದರೆ ಚಿಂತೆಯಿಲ್ಲ, ಬಾಯಿಪಾಠ ಮಾಡು, ಒಂದು ದಿನ ಉಪಯೋಗಕ್ಕೆ ಬರುತ್ತದೆ" ಎಂದು ಹೇಳಿದ ಗುರುಗಳಿಗೆ ಸಾಷ್ಟಾಂಗ ನಮಸ್ಕಾರ. ಅವರು ಹೇಳಿದ ಆ ಒಂದು ದಿನವು ಮುಂಬಯಿಯ ಬೈಕುಲ್ಲಾದಲ್ಲಿ, ಚಹಾಪುಡಿಯ ಘಮದ ನಡುವೆ, ಒಂದು ಕಂಪ್ಯೂಟರಿನ ಎದುರಿಗೆ ಬಂದೀತೆಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಬಂದಿತು. ಬಂದದ್ದರಿಂದ ಒಬ್ಬರ ಮನೆ ಉಳಿಯಿತು. ಆ ಮನೆಗೆ ಅಪಾಯ ತಂದದ್ದೂ ನನ್ನ ಪಾಂಡಿತ್ಯವೇ ಎಂಬುದನ್ನು ಮುಂದೆ ಹೇಳುತ್ತೇನೆ. ನಮಸ್ಕಾರದ ನಡುವೆ ಅದು ಬೇಡ.

ಬಣ್ಣದ ವಿಷಯದಲ್ಲಿ ನನಗೆ ನಮ್ಮ ಮನೆಯಲ್ಲಿ ಮರ್ಯಾದೆಯಿಲ್ಲ. ನಾನು ಹಸಿರು ಎಂದು ಒಂದು ಮಾತಿನಲ್ಲಿ ಮುಗಿಸುವುದನ್ನು ನನ್ನ ಧರ್ಮಪತ್ನಿ ಪದ್ಮಾವತಿ ಗಿಳಿಹಸಿರು, ಎಲೆಹಸಿರು, ಪಾಚಿಹಸಿರು, ರಾಮಾಹಸಿರು ಎಂದು ವಿಂಗಡಿಸಿ, ಪ್ರತಿಯೊಂದಕ್ಕೂ ಸೀರೆಪೆಟ್ಟಿಗೆಯಿಂದ ಒಂದು ಉದಾಹರಣೆಯನ್ನು ತೆಗೆದು ತೋರಿಸಬಲ್ಲಳು. ನಾನು ಕಂದು ಎಂದದ್ದು ಅವಳಿಗೆ ಈರುಳ್ಳಿಸಿಪ್ಪೆ, ಮೆಂತ್ಯ, ಜೇನು, ಇನ್ನೂ ಏನೇನೋ. ಒಮ್ಮೆ ಅವಳು ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ನನ್ನ ಜೇಬಿಗೆ ಹಾಕಿ, ದಾದರಿನಲ್ಲಿ ಅದಕ್ಕೆ ಹೊಂದುವ ಬ್ಲೌಸ್ ಪೀಸ್ ತರುವಂತೆ ಹೇಳಿದಳು. ನಾನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಳೆಯನ್ನು ಬಟ್ಟೆಯ ಮೇಲಿಟ್ಟು, ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಪರೀಕ್ಷಿಸಿ, ಅಂಗಡಿಯವನ ಸಾಕ್ಷಿಯನ್ನೂ ಪಡೆದು ತಂದೆ. ಮನೆಯಲ್ಲಿ ಪೊಟ್ಟಣ ಬಿಚ್ಚಿದವಳು ನನ್ನ ಮುಖವನ್ನೇ ನೋಡಿದಳು. "ಏನೂಂದ್ರೆ, ನಾನು ಕೇಳಿದ್ದು ಬದನೆಕಾಯಿ ಬಣ್ಣ. ನೀವು ತಂದಿರೋದು ನೇರಳೆಹಣ್ಣು."

"ಎರಡೂ ಒಂದೇ ಅಲ್ಲವೇನೇ?" ಎಂದೆ.

"ಹಾಗಾದ್ರೆ ನಾಳೆ ಹುಳಿಗೆ ನೇರಳೆಹಣ್ಣು ಹೆಚ್ಚಿ ಹಾಕ್ತೀನಿ, ಊಟ ಮಾಡಿ" ಎಂದಳು. ಆ ಬ್ಲೌಸ್ ಪೀಸು ಯಾವ ಸೀರೆಗೂ ಹೊಂದದೆ ಪೆಟ್ಟಿಗೆಯ ತಳ ಸೇರಿತು. ಅದರ ಭಾಗ್ಯೋದಯವಾಗುವುದಕ್ಕೆ ಇನ್ನೂ ಕಾಲವಿತ್ತು.

ಬೈಕುಲ್ಲಾದ ಒಂದು ಚಹಾಪುಡಿಯ ಕಂಪನಿಯಲ್ಲಿ ನಾನು ಅಂಕಿ-ಅಂಶಗಳ ವಿಭಾಗದ ಅಧಿಕಾರಿ. ವಿಭಾಗವೆಂದರೆ ನಾನು, ಒಂದು ಮೇಜು, ಮತ್ತು ಬಣ್ಣದ ಪೆನ್ಸಿಲ್‌ಗಳ ಒಂದು ಡಬ್ಬಿ. ಮುಂಬಯಿಯ ಉದ್ದಕ್ಕೂ ಇದ್ದ ನಮ್ಮ ಡಿಪೋಗಳಲ್ಲಿ ಯಾವುದು ಎಷ್ಟು ಮಾರಿತು ಎಂಬುದನ್ನು ಪ್ರತಿ ತಿಂಗಳೂ ಗ್ರಾಫ್ ಕಾಗದದ ಮೇಲೆ ಕಂಬಗಳಾಗಿ ನಿಲ್ಲಿಸಿ ಸೇಠ್‌ಜಿಯವರ ಮುಂದಿಡುವುದು ನನ್ನ ಕೆಲಸ. ನಮ್ಮ ಸೇಠ್‌ಜಿ ಹಳೆಯ ಕಾಲದ ಸಾತ್ವಿಕ ವ್ಯಾಪಾರಿ. ನನ್ನನ್ನು ಶಾಸ್ತ್ರೀಜಿ ಎಂದು ಕರೆದು, ಒಂದು ದಿನವೂ ಏರುದನಿಯಲ್ಲಿ ಮಾತನಾಡಿದವರಲ್ಲ. ಪ್ರತಿದಿನ ಮಲಾಡ್‌ನಿಂದ ಲೋಕಲ್ ಹಿಡಿದು, ದಾದರಿನಲ್ಲಿ ಸೇತುವೆ ಹತ್ತಿ ಇಳಿದು, ಇನ್ನೊಂದು ಲೋಕಲಿನಲ್ಲಿ ಬೈಕುಲ್ಲಾ ತಲುಪುವಷ್ಟರಲ್ಲಿ ನನ್ನ ಸಹಸ್ರನಾಮ ಮುಗಿದಿರುತ್ತಿತ್ತು. ಜನರ ನೂಕುನುಗ್ಗಲಲ್ಲಿ ಕೈ ಮುಗಿಯಲು ಜಾಗವಿಲ್ಲದಿದ್ದರೂ ಬಾಯಿಗೆ ಜಾಗವಿತ್ತಲ್ಲ, ಅದಕ್ಕೂ ನಾನು ಕೃತಜ್ಞ. ಈ ಸುಖಜೀವನದಲ್ಲಿ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟು ಒಂದೇ: ನಾನು ಚಹಾ ಕುಡಿಯುವವನಲ್ಲ. ನಮ್ಮ ಮನೆಯಲ್ಲಿ ಫಿಲ್ಟರಿನ ಕಾಫಿ. ಮಾಟುಂಗಾದಿಂದ ಪುಡಿ ತರುತ್ತಿದ್ದೆ, ಚೀಲದಲ್ಲಿ ತರಕಾರಿಯ ಅಡಿಯಲ್ಲಿ ಮುಚ್ಚಿಟ್ಟುಕೊಂಡು.

ತೊಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ಕಂಪನಿಗೆ ಬಣ್ಣದ ಪರದೆಯ ಕಂಪ್ಯೂಟರ್ ಬಂತು. ಅದರ ಜೊತೆಗೆ ಸುಲಭಾ ಎಂಬ ಮರಾಠಿ ಹೆಣ್ಣುಮಗಳೂ ಬಂದಳು. ಪ್ರೋಗ್ರಾಮ್ ಬರೆಯುವುದರಲ್ಲಿ ಚತುರೆ, ಹಿರಿಯರಲ್ಲಿ ಗೌರವವುಳ್ಳವಳು. ಯಂತ್ರವನ್ನು ಪೂಜೆ ಮಾಡದೆ ಮುಟ್ಟುವುದು ನನ್ನಿಂದಾಗದು. ಆಯುಧಪೂಜೆಯ ದಿನ ಅದಕ್ಕೊಂದು ಹೂಮಾಲೆ ಹಾಕಿ, ಪರದೆಯ ಗಾಜಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟನ್ನು ಇಟ್ಟೆ. ಮರುದಿನ ಸುಲಭಾ ಬಟ್ಟೆ ಹಿಡಿದು ಬಂದವಳು, ನನ್ನ ಮುಖ ನೋಡಿ, ಬೊಟ್ಟನ್ನು ಬಿಟ್ಟು ಸುತ್ತಲಿನ ಗಾಜನ್ನಷ್ಟೇ ಒರೆಸಿದಳು. ಆ ತಾಯಿಯ ಈ ದಾಕ್ಷಿಣ್ಯ ದೊಡ್ಡದು. ಮುಂದೆ ನಾನು ಪರದೆಯ ಮೇಲೆ ಮುಂಬಯಿಯ ನಕ್ಷೆಯನ್ನು ಬರೆಯುವಾಗ ಬೊಟ್ಟು ಅಡ್ಡ ಬಂದಿತು. ದೇವರ ಬೊಟ್ಟನ್ನು ಅಳಿಸುವುದುಂಟೇ? ನಗರವನ್ನೇ ಒಂದಿಷ್ಟು ಎಡಕ್ಕೆ ಸರಿಸಿದೆ. ಬೊಟ್ಟು ಸರಿಯಾಗಿ ಬೈಕುಲ್ಲಾದ ನಮ್ಮ ಹೆಡ್ ಆಫೀಸಿನ ಮೇಲೆ ಬಂದು ಕುಳಿತಿತು. ಶುಭವೆಂದುಕೊಂಡೆ.

ಈ ವಯಸ್ಸಿನಲ್ಲಿ ನನಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಸಿದವಳು ಸುಲಭಾ. ಪ್ರತಿ ಡಿಪೋಗೂ ಒಂದು ವೃತ್ತ ಎಳೆದು, ಮಾರಾಟಕ್ಕೆ ತಕ್ಕ ಬಣ್ಣ ತುಂಬಬೇಕೆಂಬುದು ನನ್ನ ಆಸೆ. "ಕಾಕಾ, ಒಂದು ಮಾತು ತಿಳಿದುಕೊಳ್ಳಿ" ಎಂದಳು. "ಈ ಪರದೆಯ ಮೇಲೆ ಬಣ್ಣವೇ ಇಲ್ಲ. ಪ್ರತಿ ಚುಕ್ಕೆಯಲ್ಲೂ ಇರೋದು ಬರೀ ಒಂದು ಅಂಕಿ. ಐದನೇ ಅಂಕಿಗೆ ಯಾವ ಬಣ್ಣ ಅಂತ ಬೇರೆ ಒಂದು ಟೇಬಲ್‌ನಲ್ಲಿ ಬರೆದಿರುತ್ತೆ. ಯಂತ್ರ ಚುಕ್ಕೆಯ ಅಂಕಿ ನೋಡುತ್ತೆ, ಟೇಬಲ್ ನೋಡುತ್ತೆ, ಆ ಬಣ್ಣ ತೋರಿಸುತ್ತೆ. ನೀವು ಟೇಬಲ್‌ನಲ್ಲಿ ಐದರ ಮುಂದೆ ಇರೋ ಬಣ್ಣ ಬದಲಾಯಿಸಿದರೆ, ಪರದೆಯಲ್ಲಿ ಐದು ಇರೋ ಕಡೆಯೆಲ್ಲ ಒಂದೇ ಕ್ಷಣದಲ್ಲಿ ಬಣ್ಣ ಬದಲು. ಚಿತ್ರ ಮತ್ತೆ ಬರೆಯಬೇಕಾಗಿಲ್ಲ."

ನನಗೆ ರೋಮಾಂಚನವಾಯಿತು. ಇದು ನಾನು ಬಲ್ಲ ವಿದ್ಯೆ! ನಮ್ಮ ಹಿರಿಯರ ಕಟಪಯಾದಿ ಇದೇ ಅಲ್ಲವೇ? ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿಯನ್ನು ಗೊತ್ತುಮಾಡಿ, ದೊಡ್ಡ ದೊಡ್ಡ ಸಂಖ್ಯೆಗಳನ್ನೆಲ್ಲ ಶ್ಲೋಕದೊಳಗೆ ಬಚ್ಚಿಟ್ಟರು. ಸುಮ್ಮನೆ ಕೇಳುವವನಿಗೆ ಅದು ದೇವರ ಸ್ತುತಿ, ಪಟ್ಟಿಯನ್ನು ಬಲ್ಲವನಿಗೆ ಗಣಿತ. ಜಗಲಿಯ ಮೇಲೆ ಅರ್ಥವಿಲ್ಲದೆ ಬಾಯಿಪಾಠ ಮಾಡಿದ್ದು ಇಲ್ಲಿ ಅರ್ಥವಾಯಿತು. ಒಳಗಿರುವುದು ಒಂದು, ತೋರುವುದು ಇನ್ನೊಂದು, ನಡುವೆ ಒಂದು ಪಟ್ಟಿ. ನಾನು ಕಣ್ಣು ಮುಚ್ಚಿ ಈ ವಿಚಾರವನ್ನು ಅದ್ವೈತದವರೆಗೂ ಕೊಂಡೊಯ್ದು ವಿವರಿಸತೊಡಗಿದೆ. ಕಣ್ಣು ತೆರೆದಾಗ ಸುಲಭಾ ಡಬ್ಬಿ ಬಿಚ್ಚಿ ಚಪಾತಿ ತಿನ್ನುತ್ತಿದ್ದಳು. "ಹೇಳಿ ಕಾಕಾ, ಕೇಳ್ತಾ ಇದ್ದೀನಿ" ಎಂದಳು.

ನನ್ನ ಮೊದಲ ಪ್ರಯೋಗ ಯಶಸ್ವಿಯಾಗಲಿಲ್ಲ. ಸೊನ್ನೆಯಿಂದಲೇ ಆರಂಭಿಸುವುದು ಶುಭವೆಂದು ಸೊನ್ನೆಯ ಅಂಕಿಗೆ ಅರಿಶಿನದ ಬಣ್ಣವನ್ನು ಕೊಟ್ಟೆ. ಪರದೆಯಲ್ಲಿ ಏನೂ ಬರೆಯದ ಜಾಗವೆಲ್ಲ ಸೊನ್ನೆಯೆಂಬುದು ನನಗೆ ತಿಳಿದಿರಲಿಲ್ಲ. ಒಂದೇ ಕ್ಷಣದಲ್ಲಿ ಅರಬ್ಬೀ ಸಮುದ್ರವೂ ಸೇರಿದಂತೆ ಮುಂಬಯಿಯೆಲ್ಲ ಅರಿಶಿನ ಎರಚಿದಂತಾಯಿತು. ಸಮುದ್ರವನ್ನು ಸರಿಪಡಿಸಿಕೊಟ್ಟು ಸುಲಭಾ, "ಒಂದರಿಂದ ಶುರು ಮಾಡಿ ಕಾಕಾ. ಮಾರಾಟ ಕಡಿಮೆಯಿದ್ದರೆ ಒಂದು, ತುಂಬಾ ಇದ್ದರೆ ಐದು. ಐದು ಬಣ್ಣ ಸಾಕು, ನೀವೇ ಆರಿಸಿ" ಎಂದಳು.

ಬಣ್ಣ ಆರಿಸುವ ಕೆಲಸ ನನಗೆ! ಆ ಸಂಜೆ ಮನೆಗೆ ಹೋಗಿ ಪದ್ಮಾವತಿಯ ಮುಂದೆ ಸಮಸ್ಯೆಯನ್ನಿಟ್ಟೆ. ಹೂ ಕಟ್ಟುತ್ತಿದ್ದವಳು ತಲೆಯೆತ್ತಲೂ ಇಲ್ಲ. "ಇದರಲ್ಲಿ ಯೋಚಿಸೋದು ಏನಿದೆ? ಮನೆಗೆ ಬಂದವರಿಗೆ ತಟ್ಟೆಯಲ್ಲಿ ಏನೇನು ಕೊಡ್ತೀವೋ ಅದೇ. ಎಲ್ಲಕ್ಕಿಂತ ಮೇಲೆ ಕುಂಕುಮ, ಆಮೇಲೆ ಅರಿಶಿನ, ಗಂಧ, ಮಲ್ಲಿಗೆ, ಕೊನೆಗೆ ವೀಳ್ಯದೆಲೆ" ಎಂದಳು. ಎಂಥ ಪರಿಹಾರ! ಕಡಿಮೆ ಮಾರಿದ ಡಿಪೋಗೆ ಯಾವುದಾದರೂ ಕಳೆಗುಂದಿದ ಬಣ್ಣ ಹಚ್ಚಿ ನೋಯಿಸಬೇಕಾಗುತ್ತದೆಂದು ನಾನು ಸಂಕಟಪಡುತ್ತಿದ್ದೆ. ಈಗ ಅದಕ್ಕೆ ಎಳೆಯ ವೀಳ್ಯದೆಲೆಯ ಹಸಿರು. ಚಿಗುರಲ್ಲವೇ, ಬೆಳೆಯಲಿ! ಮರುದಿನ ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲುಗಳನ್ನು ಅಂಕಿಗಳಲ್ಲಿ ಬೆರೆಸಿ ಐದು ಬಣ್ಣಗಳನ್ನೂ ತಯಾರಿಸಿದೆ. ಬಣ್ಣದ ಹೆಸರು ತಿಳಿಯದಿದ್ದರೂ ಅದರ ಅಂಕಿ ತಿಳಿದರೆ ಸಾಕು ಎಂಬ ಆ ವ್ಯವಸ್ಥೆಯನ್ನು ಮಾಡಿದ ಪುಣ್ಯಾತ್ಮ ಯಾರೋ, ನನ್ನಂಥ ಗಂಡಂದಿರನ್ನು ಕಂಡಿದ್ದವನೇ ಇರಬೇಕು. ಪರದೆಯ ಮೂಲೆಯಲ್ಲಿ ಒಂದರಿಂದ ಐದರವರೆಗಿನ ಅಂಕಿಗಳನ್ನೂ ಅವುಗಳ ಬಣ್ಣದ ಚೌಕಗಳನ್ನೂ ಬರೆದೆ. ಐದು ಹೆಚ್ಚು, ಒಂದು ಕಡಿಮೆ ಎಂದು ಬರೆಯಲಿಲ್ಲ. ಐದು ಒಂದಕ್ಕಿಂತ ಹೆಚ್ಚೆಂಬುದನ್ನು ವಿದ್ಯಾವಂತರಿಗೆ ಬರೆದು ತಿಳಿಸುವುದು ಅವಮಾನವೆಂದು ನನಗೆ ತೋರಿತು.

ಆ ತಿಂಗಳು ನಕ್ಷೆಯ ತುತ್ತತುದಿಯಲ್ಲಿ ದಹಿಸರ್ ಕುಂಕುಮದಿಂದ ಬೆಳಗಿತು. ದಹಿಸರ್ ಡಿಪೋ ನೋಡಿಕೊಳ್ಳುತ್ತಿದ್ದವರು ವಿಜಾಪುರದ ಕಡೆಯ ಈರಣ್ಣ. ಅಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳ ಕೆಲಸಕ್ಕೆ ಬಂದ ತಮ್ಮ ಸೀಮೆಯ ಜನರೆಲ್ಲರ ಪರಿಚಯ ಅವರಿಗಿತ್ತು. ಕೆಲಸ ನಡೆಯುವ ಕಡೆಯ ಪ್ರತಿ ಚಹಾದಂಗಡಿಗೂ ಸೈಕಲ್ಲಿನಲ್ಲಿ ತಾವೇ ಹೋಗಿ ಪುಡಿ ಮುಟ್ಟಿಸುತ್ತಿದ್ದರು. ಇತ್ತ ನಾನಿರುವ ಮಲಾಡ್ ವೀಳ್ಯದೆಲೆಯ ಹಸಿರಿನಲ್ಲಿ ತಣ್ಣಗೆ ಕುಳಿತಿತ್ತು. ನಾನು ಸಂತೋಷದಿಂದ ನಕ್ಷೆಯನ್ನು ಹೊಸ ಮ್ಯಾನೇಜರರಿಗೆ ಒಪ್ಪಿಸಿ, ಒಂದು ಮದುವೆಗಾಗಿ ಪುಣೆಗೆ ಹೋದೆ.

ಹೊಸ ಮ್ಯಾನೇಜರ್ ಕರಂದೀಕರ್ ಸಾಹೇಬರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಅತ್ಯಂತ ಪ್ರಾಮಾಣಿಕರು. ಮೀಟಿಂಗ್ ಆರಂಭಿಸುವ ಮೊದಲು "ಲೈನ್ ಕ್ಲಿಯರ್?" ಎಂದು ಕೇಳುವರು, ಯಾರಾದರೂ ತಡವಾಗಿ ಬಂದರೆ "ಎಷ್ಟು ನಿಮಿಷ ಲೇಟ್ ಓಡ್ತಾ ಇದ್ದೀರಿ?" ಎನ್ನುವರು. ಅಂಥವರ ಎದುರಿಗೆ ನಾನು ಕೆಂಪು, ಹಳದಿ, ಹಸಿರುಗಳಿದ್ದ ನಕ್ಷೆಯನ್ನು ಇಟ್ಟು ಹೋಗಿದ್ದೆ. ಈಗ ಯೋಚಿಸಿದರೆ ನನಗೇ ನಡುಕ ಬರುತ್ತದೆ.

ಪುಣೆಯಿಂದ ಬಂದ ಮರುದಿನ ಭಾನುವಾರ. ಬೆಳಗಿನ ಪೂಜೆ ಮುಗಿಸಿ ಏಳುವಷ್ಟರಲ್ಲಿ ಬಾಗಿಲಲ್ಲಿ ಈರಣ್ಣ ನಿಂತಿದ್ದರು. ಎಂದೂ ನಗುಮುಖದ ಮನುಷ್ಯ. ಅಂದು ಚಪ್ಪಲಿ ಬಿಟ್ಟು ಒಳಗೆ ಬರುವುದಕ್ಕೂ ಹಿಂಜರಿಯುತ್ತಿದ್ದರು.

"ಶಾಸ್ತ್ರಿಗಳ, ನಾ ಏನ್ ತಪ್ಪ್ ಮಾಡೇನ್ರಿ?" ಎಂದರು.

"ಏನಾಯಿತು ಈರಣ್ಣನವರೇ? ಮೊದಲು ಕೂತುಕೊಳ್ಳಿ."

"ಹೆಡ್ ಆಫೀಸಿಂದ ಫೋನ್ ಬಂದಿತ್ರಿ. ಈ ತಿಂಗಳಾ ಮುಗೀತಂದ್ರ ದಹಿಸರ್ ಡಿಪೋ ಮುಚ್ಚತಾರಂತ. ಯಾಕ್ರಿ ಸಾಹೇಬ್ರ ಅಂದ್ರ, ಕಂಪ್ಯೂಟರ್ ಕೆಂಪ ತೋರ್ಸೇತಿ ಅಂತಾರ್ರಿ. ನಾಕ್ ಡಿಪೋದವ್ರು ಕೂಡಿ ಮಾರೂದ್ ನಾ ಒಬ್ಬಾವ ಮಾರೇನ್ರಿ! ಆ ಮಷೀನಿಗೆ ನನ್ ಮ್ಯಾಗ ಏನ್ ಸಿಟ್ಟರೀ?" ಎಂದರು. "ಡಿಪೋ ಹಿಂದಿನ ಖೋಲಿಯಾಗ ನಮ್ ಅವ್ವ, ಹೆಂಡ್ತಿ, ಮಕ್ಕಳು ಅದಾರ್ರಿ. ಡಿಪೋ ಹೋದ್ರ ಖೋಲೀನೂ ಹೋತ್ರಿ. ಈ ಊರಾಗ ಎಲ್ಲಿ ಇನ್ನೊಂದ್ ಸೂರು ಹುಡುಕ್ಲಿ?"

ಸಾಹೇಬರ ಸಿಗ್ನಲ್ ದೀಪವೂ ನನ್ನ ಐದರ ಕುಂಕುಮವೂ ನನಗೆ ಒಟ್ಟಿಗೆ ತೋಚಿದವು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಪದ್ಮಾವತಿಗೂ ತೋಚಿರಬೇಕು. ಅವಳು ಉಪ್ಪಿಟ್ಟಿನ ತಟ್ಟೆಯನ್ನೂ ಕಾಫಿಯನ್ನೂ ತಂದು ಈರಣ್ಣನವರ ಮುಂದಿಟ್ಟು, "ಮೊದಲು ತಿನ್ನಿ ಅಣ್ಣ. ನಿಮ್ಮ ಡಿಪೋ ಎಲ್ಲೂ ಹೋಗಲ್ಲ" ಎಂದಳು. ನನ್ನ ಕಡೆಗೆ ತಿರುಗಿ, ದನಿ ತಗ್ಗಿಸಿ, "ಅಲ್ಲಾಂದ್ರೆ, ಐದಕ್ಕೆ ಕುಂಕುಮ ಅಂತ ಹೇಳಿದ್ದು ನಾನು ತಾನೆ?" ಎಂದಳು.

"ನೀನು ಹೇಳಿದ್ದು ಸರಿಯಾಗಿಯೇ ಇದೆ. ನೋಡಿದವರ ಪಟ್ಟಿ ಬೇರೆ."

"ಪಟ್ಟಿ ಗಿಟ್ಟಿ ನನಗೆ ಗೊತ್ತಿಲ್ಲ. ನಾನು ಹೇಳಿದ ಕುಂಕುಮದಿಂದ ಒಬ್ಬರ ಮನೆ ಮುರೀಬಾರದು. ನಾಳೆ ಇವರನ್ನು ಜೊತೆಗೇ ಕರ್ಕೊಂಡು ಹೋಗಿ, ಸರಿ ಮಾಡಿ ಬನ್ನಿ. ಸರಿ ಮಾಡದೆ ಬಂದರೆ ನನಗೆ ಮುಖ ತೋರಿಸಬೇಡಿ." ಮೂವತ್ತು ವರ್ಷದ ದಾಂಪತ್ಯದಲ್ಲಿ ಬದನೆಕಾಯಿಯ ಪ್ರಸಂಗದಲ್ಲಿಯೂ ಅವಳು ಇಷ್ಟು ಕಠಿಣವಾಗಿ ಮಾತನಾಡಿರಲಿಲ್ಲ.

ಸೋಮವಾರ ಸೇಠ್‌ಜಿಯವರ ಕೋಣೆಯಲ್ಲಿ ಕರಂದೀಕರ್ ಸಾಹೇಬರು ಡಿಪೋ ಮುಚ್ಚುವ ಕಾಗದಕ್ಕೆ ಸಹಿ ಪಡೆಯಲು ಬಂದಿದ್ದರು. ಕಂಪ್ಯೂಟರನ್ನೂ ಅಲ್ಲಿಗೇ ತಂದಿಟ್ಟಿದ್ದರು. ಸುಲಭಾ ಪಕ್ಕದಲ್ಲಿ ನಿಂತಿದ್ದಳು. ಪರದೆಯಲ್ಲಿ ದಹಿಸರ್ ಕೆಂಪಗೆ ಉರಿಯುತ್ತಿತ್ತು. ನಾನು ಈರಣ್ಣನವರನ್ನು ಬಾಗಿಲ ಬಳಿ ನಿಲ್ಲಿಸಿ, ಕೈಮುಗಿದು ಮುಂದೆ ಹೋದೆ. ದಹಿಸರ್ ಎಲ್ಲಕ್ಕಿಂತ ಹೆಚ್ಚು ಮಾರಿದ ಡಿಪೋ ಎಂದೆ.

"ಶಾಸ್ತ್ರೀಜಿ, ನಾನು ಆಯುಷ್ಯವೆಲ್ಲ ಕೆಂಪು ದೀಪ ನೋಡಿಕೊಂಡು ಬಂದವನು" ಎಂದರು ಕರಂದೀಕರ್ ಸಾಹೇಬರು. "ಕೆಂಪು ಅಂದರೆ ನಿಲ್ಲು."

"ತಾವು ಹೇಳುವುದು ಹಳಿಯ ಮೇಲೆ ಸತ್ಯ ಸಾಹೇಬರೇ. ನಮ್ಮ ಮನೆಯ ಹೊಸ್ತಿಲ ಮೇಲೆ ಕೆಂಪು ಅಂದರೆ ಒಳಗೆ ಬನ್ನಿ ಎಂದರ್ಥ."

"ಹಾಗಾದರೆ ಅಂಕಿ? ಮಲಾಡ್ ಒಂದು, ದಹಿಸರ್ ಐದು. ಒಂದು ಅಂದರೆ ಫಸ್ಟ್ ಕ್ಲಾಸ್ ಅಲ್ಲವೇ?"

ನಾನು ಬರೆಯದೆ ಬಿಟ್ಟ ಆ ಎರಡು ಮಾತುಗಳು ನನ್ನ ಎದೆಗೆ ಬಂದು ನಾಟಿದವು. ವಾದದಿಂದ ಪ್ರಯೋಜನವಿಲ್ಲವೆಂದು ಕಂಡಿತು. ಯಂತ್ರದ ಮುಂದೆ ಕುಳಿತು, ಐದಕ್ಕೆ ಹಸಿರು, ಒಂದಕ್ಕೆ ಕೆಂಪು ಎಂದು ಪಟ್ಟಿಯಲ್ಲಿ ತಿದ್ದಿ ಕೀಲಿಯನ್ನು ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ದಹಿಸರ್ ಹಸಿರಾಯಿತು, ಮಲಾಡ್ ಕೆಂಪಾಯಿತು. ಕೆಲಸವಾಯಿತೆಂದು ಹೆಮ್ಮೆಯಿಂದ ತಿರುಗಿದೆ.

ಕೆಲಸ ಕೆಟ್ಟಿತ್ತು. ಕರಂದೀಕರ್ ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. "ಸೇಠ್‌ಜಿ, ನೋಡಿದಿರಾ? ಒಂದು ಬೆರಳಿನಿಂದ ನಷ್ಟದ ಡಿಪೋ ಲಾಭದ್ದಾಯಿತು! ಇಂಥ ಯಂತ್ರವನ್ನು ನಂಬಿ ನಾವು ಕಂಪನಿ ನಡೆಸುವುದೇ? ಬಣ್ಣ ಬದಲಾಯಿಸಿದವರು ಅಂಕಿ ಬದಲಾಯಿಸುವುದಿಲ್ಲವೆಂದು ಏನು ಖಾತ್ರಿ?" ಸೇಠ್‌ಜಿಯವರೂ ಮೊದಲ ಬಾರಿಗೆ ನನ್ನನ್ನು ಸಂಶಯದಿಂದ ನೋಡಿದರು. ಬಾಗಿಲಲ್ಲಿ ಈರಣ್ಣ ತಲೆ ತಗ್ಗಿಸಿದರು. ಅವರಿಗೆ ಮನೆ ಉಳಿಸಿಕೊಡಲು ಬಂದವನು ನನ್ನ ಮರ್ಯಾದೆಯನ್ನೂ ಅವರ ಸೂರಿನ ಜೊತೆಗೆ ಕಟ್ಟಿ ಕಳುಹಿಸುವ ಹಂತದಲ್ಲಿದ್ದೆ. ನಾನು ಮನಸ್ಸಿನಲ್ಲಿಯೇ ಗುರುಗಳನ್ನು ನೆನೆದೆ.

ಆಗ ಸುಲಭಾ ಮೆಲ್ಲಗೆ, "ಕಾಕಾ, ಸಾಹೇಬರನ್ನೇ ಕೂರಿಸಿ" ಎಂದಳು.

ನಾನು ಎದ್ದು ಕುರ್ಚಿಯನ್ನು ಒರೆಸಿ, "ಸಾಹೇಬರೇ, ತಾವೇ ಕೂತು ಪರೀಕ್ಷಿಸಬೇಕು. ದಹಿಸರ್‌ಗೆ ಯಾವ ಬಣ್ಣ ಬೇಕೋ ತಾವೇ ಕೊಡಿ" ಎಂದೆ. ಸಾಹೇಬರು ಸಿಗ್ನಲ್ ಕ್ಯಾಬಿನ್ನಿಗೆ ಹತ್ತುವ ಗಾಂಭೀರ್ಯದಿಂದ ಬಂದು ಕುಳಿತರು. ಸುಲಭಾ ತೋರಿಸಿದಂತೆ ಐದಕ್ಕೆ ನೀಲಿ ಕೊಟ್ಟರು. ದಹಿಸರ್ ನೀಲಿಯಾಯಿತು, ಮೂಲೆಯಲ್ಲಿ ಐದರ ಚೌಕವೂ ನೀಲಿಯಾಯಿತು. ಗುಲಾಬಿ ಕೊಟ್ಟರು, ಎರಡೂ ಗುಲಾಬಿಯಾದವು. ಅವರ ಹುಬ್ಬುಗಳು ಸಡಿಲಾದವು. ಬಿಳಿ ಕೊಟ್ಟರು, ಮತ್ತೆ ಕೆಂಪು, ಮತ್ತೆ ಹಸಿರು. ಐದರ ಅಂಕಿ ಮಾತ್ರ ಐದಾಗಿಯೇ ಕುಳಿತಿತ್ತು. ಆಮೇಲೆ ನಾವು ಯಾರೂ ಹೇಳದಿದ್ದರೂ ಅವರು ಉಳಿದ ಅಂಕಿಗಳಿಗೂ ಒಂದೊಂದಾಗಿ ಬಣ್ಣ ಬದಲಾಯಿಸಿ, ಒಂದಕ್ಕೆ ಮಾತ್ರ ಮತ್ತೆ ಕೆಂಪನ್ನೇ ಕೊಟ್ಟರು. ಇಷ್ಟು ದೊಡ್ಡ ಕ್ಯಾಬಿನ್ ಅವರಿಗೆ ಸೇವಾವಧಿಯಲ್ಲಿಯೂ ಸಿಕ್ಕಿರಲಿಲ್ಲವೇನೋ.

"ಇದರಲ್ಲಿ ಆ ಐದನ್ನು ಆರು ಮಾಡುವುದು ಹೇಗೆ?" ಎಂದು ಕೇಳಿದರು, ಈಗ ಸಂಶಯದಿಂದಲ್ಲ, ಆಸೆಯಿಂದ.

"ಅದು ನನ್ನ ಕೈಯಲ್ಲಿಲ್ಲ ಸಾಹೇಬರೇ" ಎಂದೆ. "ಅದಕ್ಕೆ ದಹಿಸರಿನ ಜನ ಇನ್ನಷ್ಟು ಚಹಾ ಕುಡಿಯಬೇಕು."

ಸೇಠ್‌ಜಿ ಗೋದಾಮಿನ ದಾಖಲೆಯನ್ನು ತರಿಸಿ, ದಹಿಸರ್‌ಗೆ ಹೋದ ಪೆಟ್ಟಿಗೆಗಳ ಸಾಲಿನ ಮೇಲೆ ಬೆರಳಾಡಿಸಿದರು. ಎಲ್ಲಕ್ಕಿಂತ ಹೆಚ್ಚು ಪೆಟ್ಟಿಗೆಗಳು ಹೋದದ್ದು ಅಲ್ಲಿಗೇ. ಡಿಪೋ ಮುಚ್ಚುವ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. ಕರಂದೀಕರ್ ಸಾಹೇಬರು ದೊಡ್ಡ ಮನುಷ್ಯರು. ಎದ್ದು ಬಾಗಿಲವರೆಗೂ ಹೋಗಿ ಈರಣ್ಣನವರ ಕೈ ಹಿಡಿದು, "ಲೈನ್ ಕ್ಲಿಯರ್" ಎಂದರು. ಈರಣ್ಣನವರ ಕಣ್ಣಲ್ಲಿ ನೀರು ಬಂತು. ಆಮೇಲೆ ಸಾಹೇಬರು ಪರದೆಯ ಕಡೆಗೆ ತಿರುಗಿ, ಕರ್ತವ್ಯಪ್ರಜ್ಞೆಯಿಂದ, "ಹಾಗಾದರೆ ಈಗ ಕೆಂಪಾಗಿರುವ ಮಲಾಡನ್ನು ಮುಚ್ಚಬೇಕಲ್ಲವೇ?" ಎಂದರು.

ಸೇಠ್‌ಜಿ ನಕ್ಕರು. "ಸಿಗ್ನಲ್ ಲಾಲ್ ಹೋ ತೋ ಗಾಡಿ ರೋಕ್ತೇ ಹೈಂ ಕರಂದೀಕರ್ ಸಾಹಬ್, ಬೇಚ್ ನಹೀಂ ದೇತೇ" ಎಂದರು. ಕೆಂಪು ಕಂಡರೆ ಗಾಡಿ ನಿಲ್ಲಿಸಿ ನೋಡಬೇಕು, ಗಾಡಿಯನ್ನೇ ಮಾರಿಬಿಡುವುದಲ್ಲ. ಅಂದು ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ಶಾಸ್ತ್ರಸಮ್ಮತವಾದದ್ದು ಇನ್ನೊಂದಿಲ್ಲ. ಆ ಸಂತೋಷದಲ್ಲಿ ನಾನು ತಲೆಯಾಡಿಸುತ್ತಿರುವಾಗಲೇ ಸೇಠ್‌ಜಿ ನನ್ನತ್ತ ನೋಡಿದರು. "ಮಲಾಡ್‌ನಲ್ಲಿ ಯಾಕೆ ಮಾರಾಟವಿಲ್ಲ ಎಂದು ವಿಚಾರಿಸೋಣ. ಶಾಸ್ತ್ರೀಜಿ, ನೀವು ಮಲಾಡ್‌ನವರೇ ಅಲ್ಲವೇ? ನಿಮ್ಮ ಮನೆಯಲ್ಲಿ ನಮ್ಮ ಯಾವ ಚಹಾ?"

ವ್ಯಾಕರಣ, ತರ್ಕ, ಮೀಮಾಂಸೆ ಎಲ್ಲವೂ ನನ್ನ ಕೈಬಿಟ್ಟವು. ಈರಣ್ಣ, ನನಗೆ ಉಪಕಾರ ಮಾಡಲೆಂದೇ, ಬಾಗಿಲಿನಿಂದ ಉತ್ಸಾಹದಿಂದ ನುಡಿದರು: "ಇನ್ಕೇ ಘರ್ ಕಾ ಕಾಫಿ ಬಹುತ್ ಅಚ್ಛಾ ಹೈ ಸಾಬ್! ಕಲ್ ಮೇರೇ ಕೋ ಪಿಲಾಯಾ!" ಇವರ ಮನೆಯ ಕಾಫಿ ಬಹಳ ಚೆನ್ನಾಗಿದೆ, ನಿನ್ನೆ ನನಗೂ ಕುಡಿಸಿದರು ಎಂದು.

ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಸುಲಭಾ. ಕರಂದೀಕರ್ ಸಾಹೇಬರು ನಗು ತಡೆದುಕೊಂಡು ಪರದೆಯನ್ನು ನೋಡುತ್ತಿದ್ದವರು, "ಇನ್ನೊಂದು ಕೆಂಪು ಇದೆಯಲ್ಲ, ಹೆಡ್ ಆಫೀಸಿನ ಮೇಲೆ? ನಾನು ಯಾವ ಬಣ್ಣ ಕೊಟ್ಟರೂ ಅದು ಬದಲಾಗಲೇ ಇಲ್ಲ" ಎಂದರು. ಅದು ಪಟ್ಟಿಯಲ್ಲಿಲ್ಲ, ಆಯುಧಪೂಜೆಯ ದಿನ ಗಾಜಿಗೆ ಇಟ್ಟ ಕುಂಕುಮ ಎಂದು ವಿನಯದಿಂದ ತಿಳಿಸಿದೆ. ಅವರು ಜೇಬಿನಿಂದ ಕರವಸ್ತ್ರ ತೆಗೆದರು. ಒಂದು ಕ್ಷಣ ಯೋಚಿಸಿ, ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಆ ಸಂಜೆ ಮುಖ ತೋರಿಸುವ ಅರ್ಹತೆಯೊಡನೆ ಮನೆಗೆ ಹೋದೆ. ಚೀಲದಲ್ಲಿ ತರಕಾರಿಯ ಮೇಲೆ, ಎಲ್ಲರಿಗೂ ಕಾಣುವಂತೆ, ಸೇಠ್‌ಜಿ ಪ್ರೀತಿಯಿಂದ ಕೊಟ್ಟ ಚಹಾಪುಡಿಯ ಪೊಟ್ಟಣವಿತ್ತು. ಅಂದಿನಿಂದ ನಕ್ಷೆಯ ಮೂಲೆಯಲ್ಲಿ "ಐದು ಹೆಚ್ಚು, ಒಂದು ಕಡಿಮೆ" ಎಂದು ನಾಲ್ಕು ಭಾಷೆಗಳಲ್ಲಿ ಬರೆಯುತ್ತೇನೆ, ವಿದ್ಯಾವಂತರು ಕ್ಷಮಿಸಬೇಕು. ಸಂಜೆ ನಮ್ಮ ಮನೆಯಲ್ಲಿ ಚಹಾ ಕುದಿಯುತ್ತದೆ. ಪದ್ಮಾವತಿ ಮಾಡಿದ ಮೊದಲ ಚಹಾವನ್ನು ಬೆಳಕಿಗೆ ಹಿಡಿದು, "ಆಹಾ, ಎಂಥ ಕಂದು!" ಎಂದೆ. "ಅದು ಕಂದಲ್ಲ, ಈರುಳ್ಳಿಸಿಪ್ಪೆ. ಹಾಲು ಜಾಸ್ತಿಯಾಯ್ತು" ಎಂದಳು. ಪೆಟ್ಟಿಗೆಯ ತಳದಲ್ಲಿದ್ದ ನೇರಳೆಹಣ್ಣಿನ ಬ್ಲೌಸ್ ಪೀಸನ್ನು ಅವಳೇ ಹೊಲಿದು ಕಂಪ್ಯೂಟರಿಗೆ ಧೂಳು ಕೂರದಂತೆ ಹೊದಿಕೆ ಮಾಡಿಕೊಟ್ಟಳು. ಅದಕ್ಕೆ ಹೊಂದುವಂಥದ್ದು ಜಗತ್ತಿನಲ್ಲಿ ಕೊನೆಗೂ ಒಂದು ಸಿಕ್ಕಿತು.

ಅಂಕಿಯನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿಟ್ಟು ನಡುವೆ ಪಟ್ಟಿಯನ್ನಿರಿಸಿದ ಆ ಅಜ್ಞಾತ ಮಹಾನುಭಾವನು ಎಲ್ಲಿದ್ದರೂ ಚೆನ್ನಾಗಿರಲಿ. ಸುಲಭಾ ದೀರ್ಘಸುಮಂಗಲಿಯಾಗಿ, ಅವಳ ಪ್ರೋಗ್ರಾಮುಗಳು ನಿಲ್ಲದೆ ಓಡಲಿ. ಕರಂದೀಕರ್ ಸಾಹೇಬರ ಮುಂದಿನ ಹಾದಿಯೆಲ್ಲ ಹಸಿರು ದೀಪವಿರಲಿ. ಸೇಠ್‌ಜಿಯವರ ವ್ಯಾಪಾರ ವೃದ್ಧಿಸಲಿ. ಈರಣ್ಣನವರ ಖೋಲಿಯ ಹೊಸ್ತಿಲ ಮೇಲೆ ಕುಂಕುಮ ಎಂದೂ ಮಾಸದಿರಲಿ, ಅವರ ನಾಲಿಗೆಯೂ ಈಗಿರುವಂತೆಯೇ ನಿಷ್ಕಪಟವಾಗಿರಲಿ. ದಹಿಸರಿನಲ್ಲಿ ಇಟ್ಟಿಗೆ ಹೊತ್ತು ದಣಿದು ಒಂದು ಲೋಟ ಚಹಾ ಕುಡಿದು ಐದರ ಅಂಕಿಯನ್ನು ಐದಾಗಿ ನಿಲ್ಲಿಸಿದ ಆ ಜನರೆಲ್ಲರ ಮೈಗೆ ಬಲವೂ ತಲೆಗೆ ಸೂರೂ ಇರಲಿ. ನನ್ನ ಪದ್ಮಾವತಿಗೆ ದೇವರು ಇನ್ನೂ ಹತ್ತು ಹಸಿರುಗಳನ್ನು ತೋರಿಸಲಿ. ಮಲಾಡ್ ಮಾತ್ರ ಈ ತಿಂಗಳೂ ಕೆಂಪಾಗಿಯೇ ಇದೆ. ಬೆಳಗಿನ ಕಾಫಿಯನ್ನು ಬಿಡಲು ನನಗಿನ್ನೂ ಸಾಧ್ಯವಾಗಿಲ್ಲ. ಆ ಒಂದು ವಿಷಯದಲ್ಲಿ ಎಲ್ಲರೂ ಸೇರಿ ನನ್ನನ್ನೂ ಆಶೀರ್ವದಿಸಬೇಕು.